ನೂಲಿಟ್ಟ ಹಾಡು

ಈಶ್ವರಮ್ಮ ಹೋದಳು ಅನ್ನುವ ಸುದ್ದಿ ಫೋನಿನಲ್ಲಿ ಬಂದಾಗ ರೇಣುಕಾಪ್ರಸಾದನಿಗೆ ಮೊದಲು ಆದದ್ದು ಸಂಕಟವಲ್ಲ, ಹಗುರ. ಇನ್ನು ಮೇಲೆ ಭಾನುವಾರ ಹಾರ್ಮೋನಿಯಂ ಮುಂದೆ ಕೂತಾಗ ಹೆಂಗಸರ ಕಡೆಯ ಎರಡನೇ ಬೆಂಚಿಗೆ ಒಂದು ಕಿವಿಯನ್ನು ಕಾವಲು ಬಿಡಬೇಕಾಗಿಲ್ಲ ಅನ್ನುವ ಹಗುರ. ಅದು ಇದ್ದದ್ದು ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು. ಆದರೆ ಅದು ಬಂದು ಹೋದದ್ದನ್ನು ಅವನು ಕಣ್ಣಾರೆ ಕಂಡುಬಿಟ್ಟಿದ್ದ. ಬಾಗಿಲು ತೆರೆದಾಗ ಮನೆಯಿಂದ ಹೊರಕ್ಕೆ ನುಸುಳಿದ ಅಪರಿಚಿತ ನಾಯಿಯನ್ನು ಕಂಡ ಹಾಗೆ. ಇಷ್ಟು ದಿನ ಒಳಗೇ ಇತ್ತೇ ಇದು? ಅತ್ತ ಫೋನಿನಲ್ಲಿ ಅಯ್ಯಗಾರು ಹೇಳುತ್ತಲೇ ಇದ್ದರು: ಹಿಂದೂಪುರದ ಆಸ್ಪತ್ರೆಯಲ್ಲಿ, ನಿನ್ನೆ ಸಂಜೆ, ಜ್ವರ ನೆತ್ತಿಗೇರಿ. ಕರ್ನೂಲು ಕಡೆಯ ಪಾದ್ರಿ. ಮಡಕಶಿರಕ್ಕೆ ಬಂದು ಮೂರು ವರ್ಷವಾದರೂ ಅವರ ಕನ್ನಡ ಇನ್ನೂ ಬಸ್ ಸ್ಟ್ಯಾಂಡು ದಾಟಿ ಊರೊಳಕ್ಕೆ ಬಂದಿರಲಿಲ್ಲ. "ಮೇಷ್ಟಾರೂ, ಮಧ್ಯಾಹ್ನಂ ಮೂರಕ್ಕೆ ಆರಾಧನೆ. ಮೂರು ಪಾಟಲು ಚಾಲು, ಸಾಕು. ಬಿಸಿಲು ಚಾಲಾ ಇದೆ, ನಾಲ್ಕನೇದು ಬೇಡ." ಆಗಲಿ ಅಂದ. ದುಃಖದ ದನಿಯಲ್ಲಿ ಅನ್ನಬೇಕೆಂದು ನೆನಪಾಗುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಹಾಡು ಆರಿಸುವುದು ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವುದು ಸಂಬಳಕ್ಕೆ, ಇದು ಮಾನಕ್ಕೆ. ಸಾವಿನ ಆರಾಧನೆಯ ಮೂರು ಹಾಡಿನಲ್ಲಿ ಮೊದಲನೆಯದು ಯಾರು ಸತ್ತರೂ ಒಂದೇ. ಕೊನೆಯದು ಗುಂಡಿಯ ಹತ್ತಿರ ಹೇಳುವುದು. ಅಲ್ಲಿಗೆ ಪುಸ್ತಕವೂ ಬರುವುದಿಲ್ಲ, ಹಾರ್ಮೋನಿಯಮ್ಮೂ ಬರುವುದಿಲ್ಲ, ಬಾಯಿಗೆ ಬಂದದ್ದನ್ನು ಮೇಷ್ಟ್ರು ಎತ್ತಿಕೊಂಡರೆ ಜನ ಹಿಂದೆ ಹಿಡಿಯುತ್ತಾರೆ. ನಡುವಿನದು ಮಾತ್ರ ಹೋದವರ ಹಾಡು. ಈ ಚರ್ಚಿನಲ್ಲಿ ದೊಡ್ಡವರಾದ ಪ್ರತಿಯೊಬ್ಬರಿಗೂ ತಮ್ಮದು ಅಂತ ಒಂದು ಹಾಡಿದೆ. ಎಂಬತ್ತೊಂದನೇದು ಪೆದ್ದಣ್ಣನದು, ಇನ್ನೂರ ಆರು ಕಾಂಪೌಂಡರ ಹೆಂಡತಿಯದು. ಭಾನುವಾರ ಅದು ಬಂದಾಗ ಜನ ತಿರುಗಿ ಅವರ ಮುಖ ನೋಡುತ್ತಾರೆ, ಅವರು ಸ್ವಲ್ಪ ಬೀಗುತ್ತಾರೆ. ಸತ್ತ ದಿನ ಎಲ್ಲರೂ ಸೇರಿ ಅದನ್ನು ಅವರ ಪರವಾಗಿ ಹಾಡುತ್ತಾರೆ. ತಪ್ಪು ಹಾಡು ಹಾಡಿ ಕಳಿಸುವುದೆಂದರೆ ಬೇರೆ ಯಾರದೋ ಚಪ್ಪಲಿ ತೊಡಿಸಿ ಕಳಿಸಿದ ಹಾಗೆ. ಇದಕ್ಕೆಂದೇ ರೇಣುಕಾಪ್ರಸಾದ ಒಂದು ನೋಟ್‌ಬುಕ್ಕು ಇಟ್ಟಿದ್ದ, ಹೆಸರಿನ ಮುಂದೆ ಹಾಡಿನ ನಂಬರು. ಫೋನು ಇಟ್ಟು ಅದನ್ನು ತೆಗೆದು ನೋಡಿದ. ಈಶ್ವರಮ್ಮ ಎಂಬ ಹೆಸರಿನ ಮುಂದೆ ಏನೂ ಇರಲಿಲ್ಲ. ಅಕ್ಕಪಕ್ಕದವರ ನಂಬರುಗಳು ನೀಲಿ ಶಾಯಿಯಲ್ಲಿ ದುಂಡಗೆ ಕೂತಿದ್ದವು. ಅವಳದು ಬಿದ್ದ ಹಲ್ಲಿನ ಜಾಗದ ಹಾಗೆ. ಕೇಳಿರಲಿಲ್ಲವೆ? ಕೇಳಿರಲಿಲ್ಲ. ಬಾಯಿ ಮುಚ್ಚಿಕೋ ಅಂದವನು ಯಾವ ಬಾಯಿಂದ ನಿನ್ನ ಹಾಡು ಯಾವುದು ಅಂತ ಕೇಳುವುದು?

ಬಾಯಿ ಮುಚ್ಚಿಕೋ ಅಂದಿರಲಿಲ್ಲ. ಈ ವಿಷಯದಲ್ಲಿ ಅವನಿಗೆ ಖಚಿತವಿತ್ತು. ಆರು ವರ್ಷದ ಹಿಂದೆ, ಬಿಷಪ್ಪರು ಬರುತ್ತಾರೆಂದು ಕ್ರಿಸ್‌ಮಸ್ಸಿನ ಪ್ರಾಕ್ಟೀಸು ನಡೆಯುತ್ತಿದ್ದಾಗ, ಅವನು ಹೇಳಿದ್ದು ಎಷ್ಟು ಮೆತ್ತಗಿನ ಮಾತು! ಈಶ್ವರಮ್ಮ ಹದಿನಾರನೇ ವಯಸ್ಸಿನಿಂದ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಕೆಲಸ ಮಾಡಿದವಳು. ಕುದಿಯುವ ನೀರಿನಲ್ಲಿ ಗೂಡು, ತಲೆಯ ಮೇಲೆ ತಿರುಗುವ ಚಕ್ರ, ಪಕ್ಕದವಳಿಗೆ ಒಂದು ಮಾತು ಹೇಳಬೇಕೆಂದರೂ ಆ ಸದ್ದಿನ ಮೇಲೆ ಹತ್ತಿ ಕೂಗಬೇಕು. ಆ ಗಂಟಲನ್ನೇ ಅವಳು ಭಾನುವಾರ ಚರ್ಚಿಗೆ ತರುತ್ತಿದ್ದಳು. ಎಲ್ಲರಿಗಿಂತ ಅರ್ಧ ಮಾತ್ರೆ ಮುಂದೆ, ಶ್ರುತಿಗಿಂತ ಒಂದು ಮೆಟ್ಟಿಲು ಮೇಲೆ, ಕಣ್ಣು ಮುಚ್ಚಿಕೊಂಡು. ರೇಣುಕಾಪ್ರಸಾದನ ಕಿವಿಯಾದರೋ ದೇವರು ಬೇರೆ ಯಾರಿಗೋ ಮಾಡಿ ತಪ್ಪಿ ಇವನಿಗೆ ಹಚ್ಚಿದ ಕಿವಿ. ಪಾವಗಡ ಬಸ್ಸಿನ ಹಾರನ್ನೂ ಅಮರಾಪುರ ಬಸ್ಸಿನ ಹಾರನ್ನೂ ಒಟ್ಟಿಗೆ ಕೂಗಿದರೆ ಅವನು ಎರಡೂ ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದ. ಅವಳು ಹಾಡಿದಾಗಲೆಲ್ಲ ಅವನ ಎಡಗೈ ತಾನಾಗಿ ಏಳುತ್ತಿತ್ತು: ಅಂಗೈ ಕೆಳಗೆ ಮಾಡಿ, ಮೆಲ್ಲಗೆ ಗಾಳಿಯನ್ನು ಅದುಮುವ ಹಾಗೆ. ಕ್ಲಾಸಿನಲ್ಲಿ ಗದ್ದಲವಾದಾಗ ಏಳುತ್ತಿದ್ದ ಅದೇ ಕೈ. ಮನೆಯಲ್ಲಿ ಕುಕ್ಕರು ಕೂಗಿದರೂ ಅದು ಏಳುತ್ತದೆಂದು ಹೆಂಡತಿ ಸೌಭಾಗ್ಯ ನೆಂಟರ ಮುಂದೆ ನಗಾಡುವಳು. ಅವತ್ತು ಪ್ರಾಕ್ಟೀಸು ಮುಗಿದ ಮೇಲೆ ಈಶ್ವರಮ್ಮನನ್ನು ಪಕ್ಕಕ್ಕೆ ಕರೆದು, "ನೋಡಮ್ಮ, ಕಷ್ಟದ ಹಾಡುಗಳನ್ನ ಮನಸ್ಸಿನಲ್ಲೇ ಹಾಡ್ಕೊಂಡ್ರೂ ದೇವರಿಗೆ ಕೇಳುತ್ತೆ," ಅಂದಿದ್ದ. ಅವಳು ಅವನ ಮುಖವನ್ನೇ ನೋಡಿದ್ದಳು. "ದೇವ್ರಿಗೆ ಕೇಳ್ಬೋದು, ನಿಮಗೆ ಕೇಳ್ಬಾರ್ದು. ಅಷ್ಟೇ ತಾನೆ ಮೇಷ್ಟ್ರೆ?" ಅಂದು ನಕ್ಕಿದ್ದಳು. ಕೋಪವಿಲ್ಲದ ನಗು. ಕೋಪ ಮಾಡಿಕೊಂಡಿದ್ದರೆ ಇವತ್ತು ಎಷ್ಟೋ ವಾಸಿಯಿತ್ತು. ಆಮೇಲೆ ಆರು ವರ್ಷ ಎರಡನೇ ಬೆಂಚು ಹೆಚ್ಚುಕಮ್ಮಿ ಸುಮ್ಮನಾಯಿತು. ಅಪರೂಪಕ್ಕೆ ಯಾವುದೋ ಸುಲಭದ ಹಾಡಿನಲ್ಲಿ ಆ ದನಿ ನೆಲ ಮುಟ್ಟಿಕೊಂಡು ಹೋಗುವುದು ಕೇಳಿಸುತ್ತಿತ್ತು. ಬಿಷಪ್ಪರಂತೂ ಆ ವರ್ಷ ಮಳೆಯೆಂದು ಬರಲೇ ಇಲ್ಲ.

ಹತ್ತು ಗಂಟೆಗೆ ಉಷಾರಾಣಿ ಬಂದಳು. ಈಶ್ವರಮ್ಮನ ಒಬ್ಬಳೇ ಮಗಳು; ರಾಯದುರ್ಗಕ್ಕೆ ಕೊಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಅಲ್ಲಿ ಜೀನ್ಸ್ ಹೊಲಿಯುತ್ತಾಳೆ, ಬೆರಳ ತುದಿಗಳಲ್ಲಿ ತೊಳೆದರೂ ಹೋಗದ ನೀಲಿ. ತಾಯಿಯ ಬೆರಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿರುತ್ತಿದ್ದದ್ದು ಅವನಿಗೆ ನೆನಪಾಯಿತು. ಒಂದು ತಲೆಮಾರಿನಲ್ಲಿ ಈ ಮನೆತನ ಗಳಿಸಿದ್ದು ಬೆರಳಿಗೆ ಸ್ವಲ್ಪ ಬಣ್ಣ. ಅತ್ತು ಅತ್ತು ಅವಳ ಮುಖ ಊದಿತ್ತು. ಕೂರಮ್ಮ ಅಂದರೂ ಕೂರದೆ ಸೆರಗಿನಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

"ಅಮ್ಮನ ಹಾಡಿನ ಪುಸ್ತಕ ರೀ ಸರ. ದಿಂಬಿನ ಬುಡಕ ಇತ್ತು. ಲಗ್ನ ಆದಮ್ಯಾಲ ನಾ ಇಲ್ಲಿ ಇದ್ದಾಕಿ ಅಲ್ಲ, ಅಮ್ಮಗ ಯಾವ ಹಾಡು ಅಂದ್ರ ಜೀವ ಇತ್ತೋ ನನಗ ಗೊತ್ತಿಲ್ಲ. ನಿಮಗ ಗೊತ್ತಿರತೈತಿ. ಅಯ್ಯಗಾರೂ ನಿಮ್ಮನ್ನ ಕೇಳು ಅಂದ್ರು."

"ನೋಡ್ತೀನಮ್ಮ."

"ಛಲೋದು ಆರಿಸ್ರಿ. ಅಕಿ ಫೋನಿನ್ಯಾಗ ನಿಮ್ಮ ಬಗ್ಗೆ ಭಾಳ ಹೇಳತಿದ್ಲು."

ಅವನು ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ. "ಏನಂತ?"

"ನಮ್ಮ ಮೇಷ್ಟ್ರ ಕಿವಿ ಅಂದ್ರ ಕಿವಿ, ಅವರ ಮುಂದ ತಪ್ಪು ಹಾಡಂಗಿಲ್ಲ ಅಂತ."

ಇದು ಹೊಗಳಿಕೆಯೇ, ದೂರೇ? ಅವಳ ಮುಖದಲ್ಲಿ ಹುಡುಕಿದ. ಅಲ್ಲಿ ತಾಯಿ ಸತ್ತಿದ್ದಾಳೆ ಅನ್ನುವುದೊಂದು ಬಿಟ್ಟು ಬೇರೇನೂ ಬರೆದಿರಲಿಲ್ಲ. ಈಗಲೇ ಹೇಳಿಬಿಟ್ಟರೆ, ನಿನ್ನ ಅಮ್ಮನ ಬಾಯಿ ಮುಚ್ಚಿಸಿದವನು ನಾನೇ, ಅವಳ ಹಾಡು ಯಾವುದೆಂದು ನನಗೆ ಗೊತ್ತಿಲ್ಲ ಅಂತ? ಅಷ್ಟರಲ್ಲಿ ಸೌಭಾಗ್ಯ ಕಾಫಿ ತಂದಳು. ಉಷಾರಾಣಿ, ಹೆಣ ಮನ್ಯಾಗ ಇದ್ದಾಗ ಕುಡಿಯಂಗಿಲ್ರಿ ಅಕ್ಕಾರ ಅಂದು ಹೊರಟಳು. ಅವಳಿಗೆಂದು ತಂದ ಕಾಫಿಯನ್ನು ರೇಣುಕಾಪ್ರಸಾದನೇ ಕುಡಿದ.

ಪುಸ್ತಕ ತೆರೆದಾಗ ಬೇಯಿಸಿದ ರೇಷ್ಮೆಹುಳದ ಕಮಟು ವಾಸನೆ ಬಂತು. ಈಶ್ವರಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ತಕ್ಕಡಿ, ಬಸ್ಸು, ಕ್ಯಾಲೆಂಡರು ಕಲಿಸಿದ ಅಂಕಿ. ಚರ್ಚಿನ ಹಲಗೆಯ ಮೇಲೆ ಹಾಡಿನ ತಗಡಿನ ನಂಬರು ತೂಗುಹಾಕಿದ ಕೂಡಲೆ ಎಲ್ಲರಿಗಿಂತ ಮೊದಲು ಪುಟ ತೆಗೆದು ಕೂರುತ್ತಿದ್ದಳು, ಓದುವವಳ ಗತ್ತಿನಲ್ಲಿ. ಹಾಡೆಲ್ಲ ಬಾಯಿಗೆ ಬರುತ್ತಿದ್ದವಳಿಗೆ ಪುಸ್ತಕ ಯಾತಕ್ಕೆ ಅಂತ ಹೆಂಗಸರು ರೇಗಿಸಿದರೆ, "ನಿಮ್ ಕಣ್ಣಿಗೆ ಅಕ್ಷರ ಬೇಕು, ನನ್ ಕೈಗೆ ಭಾರ ಬೇಕು" ಅನ್ನುತ್ತಿದ್ದಳು. ದೀಕ್ಷಾಸ್ನಾನದಲ್ಲಿ ಅವಳಿಗೆ ಇಟ್ಟ ಹೆಸರು ರೂತಮ್ಮ. ಹಾಗೆ ಕರೆದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲವಾಗಿ ದಾಖಲೆಯ ಪುಸ್ತಕದಲ್ಲೇ ಆ ರೂತಮ್ಮ ಒಬ್ಬಂಟಿಯಾಗಿ ಉಳಿದಿದ್ದಳು. ಹಾಳೆ ಮಗುಚುತ್ತ ಹೋದಂತೆ ಅವನ ಬೆರಳಿಗೆ ಒಂದು ನೂಲು ತಾಗಿತು. ರೇಷ್ಮೆಯ ಕಚ್ಚಾ ನೂಲು, ಶೆಡ್ಡಿನಲ್ಲಿ ತುಂಡಾಗಿ ಬಿದ್ದದ್ದು. ನಾಲ್ಕು ಎಳೆ ಹೊಸೆದು ಪುಟಗಳ ನಡುವೆ ಇಟ್ಟಿದ್ದಳು. ಇನ್ನಷ್ಟು ಮಗುಚಿದ, ಇನ್ನೊಂದು. ಎಣಿಸಿದ, ಹನ್ನೊಂದು. ಅವನ ಎದೆ ಒಮ್ಮೆಲೇ ತೆರೆದುಕೊಂಡಿತು. ಅಂದರೆ ಇವು ಅವಳಿಗೆ ಬೇಕಾದ ಹಾಡುಗಳು! ಬಾಯಿ ಇಲ್ಲದ ಹೆಂಗಸು ನೂಲಿನಲ್ಲಿ ಹೇಳಿ ಹೋಗಿದ್ದಾಳೆ. ಹನ್ನೊಂದೂ ದೊಡ್ಡ ಹಾಡುಗಳೇ, ಏರು ಶ್ರುತಿಯವು, ಹಾಡಲು ಎದೆ ಬೇಕಾದವು. ರುಚಿ ಇತ್ತು ಮುದುಕಿಗೆ ಅಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಬಗ್ಗೆಯೇ ಸ್ವಲ್ಪ ಪ್ರೀತಿ ಬಂತು.

"ಏನ್ರೀ, ಸತ್ತೋರಿಗೆ ಹಾಡು ಆರಿಸೋಕೆ ಇಷ್ಟೊತ್ತಾ?" ಸೌಭಾಗ್ಯ ಬಾಗಿಲಲ್ಲಿ ನಿಂತು ಅವರೆಕಾಯಿ ಸುಲಿಯುತ್ತಿದ್ದಳು. "ನನ್ನ ನೋಡೋಕ್ ಬಂದಾಗ ಉಪ್ಪಿಟ್ಟು ಮುಗಿಯೋದ್ರೊಳಗೆ ಒಪ್ಕೊಂಡ್ರಿ."

"ಹನ್ನೊಂದರಲ್ಲಿ ಒಂದು ಆರಿಸಬೇಕು ಕಣೆ."

"ಅವಳ ಪಕ್ಕದಲ್ಲಿ ಪಾಲಮ್ಮ ಕೂರ್ತಿದ್ಲಲ್ಲ, ಅವಳನ್ನ ಕೇಳಿ. ಒಂದು ಮಾತು."

ಕೇಳಬಹುದಿತ್ತು. ಪಾಲಮ್ಮನ ಮನೆ ಎರಡು ಬೀದಿ ಆಚೆ. ಆದರೆ ಪಾಲಮ್ಮನಿಗೆ ಗೊತ್ತಿತ್ತು, ಅವತ್ತು ಪ್ರಾಕ್ಟೀಸಿನ ದಿನ ಅವಳೂ ಅಲ್ಲಿದ್ದಳು. ಅವಳ ಹೊಸ್ತಿಲಲ್ಲಿ ನಿಂತು, ಈಶ್ವರಮ್ಮನ ಹಾಡು ಯಾವುದು ಅಂತ ಈ ಮೇಷ್ಟ್ರು ಕೇಳುವುದೆ? ಜೊತೆಗೆ ಆಗಲೇ ಅವನ ಕೈಗೆ ಉತ್ತರ ಸಿಕ್ಕಿಯಾಗಿತ್ತು. ನೂರ ನಲವತ್ತೆಂಟನೇ ಹಾಡಿನ ಪುಟ ಉಳಿದವುಗಳ ಹಾಗಿರಲಿಲ್ಲ. ಅಂಚು ಜಿಡ್ಡುಗಟ್ಟಿ ಕಂದಾಗಿತ್ತು, ಹೆಬ್ಬೆರಳು ಒತ್ತಿ ಒತ್ತಿ ಕಾಗದ ಗುಳಿ ಬಿದ್ದಿತ್ತು. ಅಲ್ಲಿಯ ನೂಲೂ ಬೇರೆ: ಗಂಟುಗಂಟಾಗಿ, ನೆಂದು ಒಣಗಿ ನೆಂದು ಒಣಗಿ ಸೆಟೆದುಕೊಂಡಿತ್ತು. 'ಆಚೆ ದಡದ ದೀಪ ಕಂಡೆ' ಎಂದು ಶುರುವಾಗುವ ಹಾಡು. ಮೂರನೇ ಸಾಲಿನಲ್ಲಿ ದನಿ ಕೋಟೆಯ ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತದೆ, ಅರ್ಧ ಜನ ಅಲ್ಲಿ ಉಸಿರು ಬಿಟ್ಟು ಕೆಳಗೇ ನಿಲ್ಲುತ್ತಾರೆ. ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಏನು ಬೇಕು? ಅತಿ ಹೆಚ್ಚು ಸವೆದ ಪುಟ, ಅತಿ ಹೆಚ್ಚು ಮುಟ್ಟಿದ ನೂಲು. ನೋಟ್‌ಬುಕ್ಕಿನಲ್ಲಿ ಈಶ್ವರಮ್ಮನ ಹೆಸರಿನ ಮುಂದೆ 148 ಎಂದು ದುಂಡಗೆ ಬರೆದ. ಆರು ವರ್ಷದ ಸಾಲ ತೀರಿದ ಹಾಗಾಯಿತು. ಚರ್ಚಿನ ವಾಟ್ಸಾಪ್ ಗುಂಪಿಗೆ ಎರಡು ನಂಬರೂ ಕಳಿಸಿದ. ಐದು ಜನ ಕೈ ಮುಗಿದರು, ಒಬ್ಬ ತಪ್ಪಿ ಹುಟ್ಟುಹಬ್ಬದ ಕೇಕು ಕಳಿಸಿ ಅಳಿಸಿದ.

ಆರಾಧನೆ ಚೆನ್ನಾಗಿ ನಡೆಯಿತು. ಹೀಗೆ ಅಂದುಕೊಳ್ಳಬಾರದೆಂದು ಗೊತ್ತಿದ್ದೂ ರೇಣುಕಾಪ್ರಸಾದ ಹಾಗೇ ಅಂದುಕೊಂಡ. ಪೆಟ್ಟಿಗೆಯಲ್ಲಿ ಈಶ್ವರಮ್ಮ ತುಟಿ ಬಿಗಿಹಿಡಿದು ಮಲಗಿದ್ದಳು. ಗದ್ದಕ್ಕೆ ಬಟ್ಟೆ ಕಟ್ಟಿ ಬಾಯಿ ಮುಚ್ಚಿದ್ದರು, ಎಲ್ಲ ಹೆಣಕ್ಕೂ ಕಟ್ಟುವ ಹಾಗೆ. ಅವನು ಆ ಕಡೆ ಒಂದು ಸಲ ನೋಡಿ ಮತ್ತೆ ನೋಡಲಿಲ್ಲ. ಅಯ್ಯಗಾರು ತೆಲುಗಿನಲ್ಲಿ ಇಪ್ಪತ್ತು ನಿಮಿಷ, ಅದನ್ನೇ ತಮ್ಮ ಕನ್ನಡದಲ್ಲಿ ಐದು ನಿಮಿಷ ಹೇಳಿದರು. ತೆಲುಗಿನಲ್ಲಿ ಈಶ್ವರಮ್ಮ ಪರಲೋಕ ಸೇರಿದ್ದಳು, ಕನ್ನಡದಲ್ಲಿ ಇನ್ನೂ ದಾರಿಯಲ್ಲಿದ್ದಳು. ಹಲಗೆಯ ಮೇಲೆ 148 ಬಂತು. ಅವನು ಹಾರ್ಮೋನಿಯಮ್ಮಿನ ತಿದಿ ಒತ್ತಿದ. ಒಂದು ಸ್ವರವೂ ಆಚೀಚೆ ಹೋಗಲಿಲ್ಲ. ಮೂರನೇ ಸಾಲಿನ ಏರಿನಲ್ಲಿ ಜನ ಎಂದೂ ಇಲ್ಲದ ಹಾಗೆ ಜೊತೆಗೆ ಹತ್ತಿದರು. ಪೆಟ್ಟಿಗೆಯ ಪಕ್ಕ ಉಷಾರಾಣಿ ಸೆರಗು ಬಾಯಿಗೊತ್ತಿ ಅಳುತ್ತಿದ್ದಳು. ಎರಡನೇ ಬೆಂಚಿನಲ್ಲಿ ಪಾಲಮ್ಮ ಮಾತ್ರ ಹಾಡುತ್ತಿರಲಿಲ್ಲ. ಹಲಗೆಯ ಅಂಕಿಗಳನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಅವನನ್ನು ನೋಡಿದಳು. ದುಃಖ ಅಂದುಕೊಂಡ.

ಹೊರಗೆ ಉಷಾರಾಣಿ ಬಂದು ಅವನ ಕೈ ಹಿಡಿದುಕೊಂಡಳು, ನೀಲಿ ಬೆರಳುಗಳಿಂದ. "ಅಮ್ಮನ ಹಾಡು ಹುಡುಕಿಕೊಟ್ರಿ ಸರ. ನಿಮ್ಮ ಋಣ ಇರತೈತಿ."

"ಇಲ್ಲಮ್ಮ, ನಾನು… ನಿಮ್ಮ ತಾಯಿಗೆ ನಾನು ಒಂದ್ಸಲ…" ಅಂದ.

"ಮೇಷ್ಟಾರೂ, ಬಿಸಿಲು!" ಅಂತ ಅಯ್ಯಗಾರು ವ್ಯಾನಿನ ಹತ್ತಿರದಿಂದ ಕೂಗಿದರು. ವಾಕ್ಯವನ್ನು ಅಲ್ಲಿಗೇ ಬಿಟ್ಟದ್ದು ಅಯ್ಯಗಾರ ಆತುರಕ್ಕಲ್ಲ ಎಂಬುದು ರೇಣುಕಾಪ್ರಸಾದನಿಗೆ ಗೊತ್ತಿತ್ತು.

ಹೆಣದ ವ್ಯಾನಿನ ಹಣೆಯ ಮೇಲೆ ವೈಕುಂಠ ಎಂದು ಬರೆದಿತ್ತು. ಅಯ್ಯಗಾರು ಅದರ ಮೇಲೆ ಬಿಳಿ ಬಟ್ಟೆ ಕಟ್ಟಿಸಿದ್ದರು; ಗಾಳಿ ಬೀಸಿದಾಗಲೆಲ್ಲ ಬಟ್ಟೆ ಎದ್ದು ವೈಕುಂಠ ಇಣುಕುತ್ತಿತ್ತು. ಸಮಾಧಿಯ ಜಾಗ ಊರಾಚೆ ಒಂದು ಮೈಲಿ, ಕಡಲೆಕಾಯಿ ಹೊಲಗಳ ನಡುವೆ. ಜನ ಹಿಂದೆ ನಡೆದರು. ಪಾಲಮ್ಮ ಅವನ ಪಕ್ಕಕ್ಕೆ ಬಂದಳು. ಎಪ್ಪತ್ತರ ಹೆಂಗಸು, ಅವಳೂ ಅದೇ ಶೆಡ್ಡಿನವಳು, ಕಿವಿ ಅರ್ಧ ಮಂದ.

"ಆ ಹಾಡು ಯಾಕೆ ಆರ್ಸಿದ್ರಿ ಮೇಷ್ಟ್ರೆ?" ಮೆಲ್ಲಗೆ ಅಂದಳೆಂದು ಅವಳ ಲೆಕ್ಕ, ಮುಂದಿನ ಸಾಲಿನಲ್ಲಿ ಒಬ್ಬಿಬ್ಬರು ತಿರುಗಿದರು.

"ಅವಳು ನೂಲು ಇಟ್ಟಿದ್ಲು ಪಾಲಮ್ಮ, ಪುಸ್ತಕದಲ್ಲಿ. ಇಷ್ಟದ ಹಾಡಿಗೆಲ್ಲ."

"ಇಷ್ಟದ್ದಕ್ಕಾ?" ಪಾಲಮ್ಮ ನಿಂತಳು. "ಅಯ್ಯೋ ನಿಮ್ಮ. ನೀವೇ ಚೀಟಿ ಬರ್ದು ಕೊಟ್ಟಿದ್ರಲ್ಲ. ಈ ಹನ್ನೊಂದು ನಂಬರಿಗೆ ಬಾಯಿ ತೆಗೀಬೇಡ ಅಂತ. ಚೀಟಿ ನೀರಲ್ಲಿ ನೆಂದು ಹೋದಾತು ಅಂತ ಅವ್ಳು ನೂಲಿಟ್ಕಂಡ್ಲು. ಪುಟ ತೆಗೆದ್ರೆ ನೂಲಿದ್ರೆ ಬಾಯಿ ಮುಚ್ಬೇಕು, ಇಲ್ದಿದ್ರೆ ಹಾಡ್ಬೋದು. ಆರು ವರ್ಷ ಒಂದ್ಸಲಾನೂ ತಪ್ಲಿಲ್ಲ ಮಾರಾಯ್ತಿ."

ಚೀಟಿ. ಪ್ರಾಕ್ಟೀಸಿನ ಕಾಗದದ ಮೂಲೆ ಹರಿದು ಬರೆದದ್ದು. ನೀಲಿ ಶಾಯಿ, ದುಂಡನೆಯ ಅಂಕಿಗಳು, ಒಂದರ ಕೆಳಗೊಂದು, ಕೊನೆಯಲ್ಲಿ ಒಟ್ಟು ಹನ್ನೊಂದು ಎಂದು ಅಭ್ಯಾಸಬಲದಿಂದ ಕೂಡಿಸಿ ಬರೆದಿದ್ದ. ಇಷ್ಟು ದಿನ ಎಲ್ಲಿತ್ತು ಇದು? ಆ ಮೆತ್ತಗಿನ ಮಾತನ್ನು ಅವನು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದ, ಅದರ ಜೊತೆಯಲ್ಲೇ ಇದ್ದ ಚೀಟಿಯನ್ನು ಎಷ್ಟು ನಾಜೂಕಾಗಿ ಕಳೆದಿದ್ದ. ಇಬ್ಬರೂ ಮತ್ತೆ ನಡೆದರು. ಒಂದು ಆಸೆ ಇನ್ನೂ ಉಸಿರಾಡುತ್ತಿತ್ತು, ಅದನ್ನು ಹಿಡಿದು ಕೇಳಿದ: "ಮತ್ತೆ ನೂರ ನಲವತ್ತೆಂಟರ ಪುಟ? ಅಷ್ಟು ಸವೆದಿತ್ತಲ್ಲ. ಅದು ಅವಳಿಗೆ ಇಷ್ಟ ಇರಲಿಲ್ವಾ?"

"ಇಷ್ಟ ಇಲ್ದೆ? ಅವಳ ಜೀವ ಅದು. ಶೆಡ್ಡಲ್ಲಿ ಚಕ್ರದ ಮೇಲೆ ಅದನ್ನೇ ಕೂಗೋಳು. ಭಾನುವಾರ ನೀವು ಅದನ್ನ ಹಾಕಿದಾಗ ಬಾಯಿ ತಡೀತಿರಲಿಲ್ಲ ಅವಳಿಗೆ. ಆ ನೂಲು ಐತಲ್ಲ, ಅದನ್ನ ಹಲ್ಲಲ್ಲಿ ಕಚ್ಕಂಡು ಕೂರೋಳು, ಹಾಡು ಮುಗಿಯೋಗಂಟ."

ನೆಂದು ಒಣಗಿ ನೆಂದು ಒಣಗಿ ಸೆಟೆದ ನೂಲು ಅವನ ಬೆರಳಿನ ನೆನಪಿನಲ್ಲಿ ಇನ್ನೂ ಇತ್ತು. ಹಾಗಾದರೆ ಆರಿಸಿದ್ದು ಸರಿಯೇ. ಲೆಕ್ಕ ಸರಿ, ಉತ್ತರ ಸರಿ. ಕೈಯನ್ನು ಪಂಚೆಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಪಾಲಮ್ಮ ಸೆರಗು ತಲೆಗೆಳೆದುಕೊಂಡು ಮುಂದೆ ನಡೆದಳು. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಪೆಟ್ಟಿಗೆ ಇಳಿಯಿತು. ಅಯ್ಯಗಾರು ಮಣ್ಣಿಗೆ ಮಣ್ಣು ಎಂಬುದನ್ನು ಬಿಸಿಲಿಗೆ ತಕ್ಕ ವೇಗದಲ್ಲಿ ಹೇಳಿ ಮುಗಿಸಿದರು. ಉಷಾರಾಣಿ ಮೊದಲ ಹಿಡಿ ಹಾಕಿದಳು. ಈಗ ಮೂರನೇ ಹಾಡು, ಮೇಷ್ಟ್ರು ಎತ್ತಿಕೊಳ್ಳಬೇಕಾದದ್ದು. ಜನ ಅವನ ಕಡೆ ನೋಡಿದರು. ಅವನು ಬಾಯಿ ತೆರೆದ. ಇಪ್ಪತ್ತೆರಡು ವರ್ಷದಿಂದ ಗೊತ್ತಿದ್ದ ಹಾಡುಗಳೆಲ್ಲ ನಂಬರುಗಳಾಗಿ ಮಾತ್ರ ನೆನಪಿಗೆ ಬಂದವು. ಬಾಯಿ ಮುಚ್ಚಿದ. ಎಲ್ಲೋ ಕುರಿ ಕೂಗಿತು. ಉಷಾರಾಣಿ ಮೆಲ್ಲಗೆ, "ಹಾಡ್ರಿ ಸರ," ಅಂದಳು.

ಆಗ ಪಾಲಮ್ಮ ಎತ್ತಿಕೊಂಡಳು. 'ಆಚೆ ದಡದ ದೀಪ ಕಂಡೆ.' ಚರ್ಚಿನಲ್ಲಿ ಹೇಳುವ ರೀತಿಯಲ್ಲಲ್ಲ. ತಿರುಗುವ ಚಕ್ರದ ಮೇಲೆ ಹತ್ತಿ ಹೇಳುವ ರೀತಿ, ಶ್ರುತಿಗಿಂತ ಒಂದು ಮೆಟ್ಟಿಲು ಮೇಲೆ, ಕಣ್ಣು ಮುಚ್ಚಿಕೊಂಡು. ಅದು ಪಾಲಮ್ಮನ ದನಿಯೇ ಅಲ್ಲ. ಉಷಾರಾಣಿ ಬೆಚ್ಚಿ ತಲೆಯೆತ್ತಿದಳು, ಮನೆಯೊಳಗಿಂದ ಯಾರೋ ತನ್ನ ಹೆಸರು ಹಿಡಿದು ಕರೆದ ಹಾಗೆ. ಒಂದು ಸಾಲು ಆಯಿತು, ಎರಡನೇ ಸಾಲೂ ಆಯಿತು. ರೇಣುಕಾಪ್ರಸಾದನ ಕಣ್ಣು ತುಂಬಿತು. ಹಾಡಲಿ, ದೇವರೇ, ಹಾಡಲಿ, ಪೂರ್ತಿ ಹಾಡಲಿ ಅಂದುಕೊಂಡ. ಮೂರನೇ ಸಾಲಿನ ಏರಿಗೆ ಪಾಲಮ್ಮನ ಗಂಟಲು ಬಿರಿಯಿತು, ಸ್ವರ ಪೂರಾ ಜಾರಿ ಎಲ್ಲಿಗೋ ಹೋಯಿತು. ಅವಳು ಕಣ್ಣು ತೆರೆದಳು. ಹಾಡು ನಿಂತಿತು.

ಯಾಕೆ ನಿಂತಿತೆಂದು ಅವನಿಗೆ ತಕ್ಷಣ ತಿಳಿಯಲಿಲ್ಲ. ಪಾಲಮ್ಮ, ಬಾಯಿ ಇನ್ನೂ ಅರ್ಧ ತೆರೆದು, ಅವನ ಮುಖವನ್ನಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ ನೋಡುತ್ತಿದ್ದಳು. ಎಲ್ಲರೂ ಅಲ್ಲೇ ನೋಡುತ್ತಿದ್ದರು. ಉಷಾರಾಣಿಯೂ. ಅವನೂ ನೋಡಿದ. ಅವನ ಎಡಗೈ ಎದ್ದಿತ್ತು, ಅಂಗೈ ಕೆಳಗೆ ಮಾಡಿ, ತೆರೆದ ಗುಂಡಿಯ ಮೇಲೆ ಗಾಳಿಯನ್ನು ಮೆಲ್ಲಗೆ ಅದುಮುತ್ತ.